ಎಸ್ಟಿಮೇಟಿನಲ್ಲಿ ಒಂದು ಸಾಲು

ಸಾಫ್ಟ್‌ವೇರ್ ಕೆಲಸದಲ್ಲಿ ನೀತಿಯ ಪ್ರಶ್ನೆ ಹಣೆಪಟ್ಟಿ ಕಟ್ಟಿಕೊಂಡು ಬರುವುದಿಲ್ಲ. ಟಿಕೆಟ್ ಆಗಿ, ಅಂದರೆ ಮಾಡಬೇಕಾದ ಕೆಲಸದ ಒಂದು ಚೀಟಿಯಾಗಿ ಬರುತ್ತದೆ. ‘ಟೆಸ್ಟ್ ಸರ್ವರ್‌ಗೆ ಪ್ರೊಡಕ್ಷನ್ ಡೇಟಾ ಹಾಕಿಕೊಡಿ.’ (ಪ್ರೊಡಕ್ಷನ್ ಅಂದರೆ ಗ್ರಾಹಕರು ನಿಜವಾಗಿ ಬಳಸುವ ಸಿಸ್ಟಮ್.) ‘ಕ್ಯಾನ್ಸಲ್ ಬಟನ್ ಸ್ವಲ್ಪ ಕೆಳಗೆ ಇರಲಿ.’ ‘ಈ ಎರರ್ ಬಳಕೆದಾರರಿಗೆ ಕಾಣಬಾರದು.’ ನೋಡಿದರೆ ಎಲ್ಲವೂ ಅರ್ಧ ದಿನದ ಕೆಲಸ. ಕೇಳಿದವರೂ ಕೆಟ್ಟವರೇನಲ್ಲ. ಶುಕ್ರವಾರದೊಳಗೆ ಡೆಮೊ ಮುಗಿಯಬೇಕು, ಅಷ್ಟೇ ಅವರ ತಲೆಬಿಸಿ.

ನಾನು ಬಹಳ ವರ್ಷಗಳಿಂದ ಬ್ಯಾಕ್‌ಎಂಡ್ ಕೆಲಸ ಮಾಡುತ್ತಿದ್ದೇನೆ. ಈಗ ಒಂದು ಸಣ್ಣ ಟೀಮನ್ನೂ ನೋಡಿಕೊಳ್ಳುತ್ತೇನೆ. ಇಂಥ ಟಿಕೆಟ್ ಬಂದಾಗ ನಾನು ಮೀಟಿಂಗಿನಲ್ಲಿ ಭಾಷಣ ಬಿಗಿಯುವುದಿಲ್ಲ. ಕೆಲಸಕ್ಕೆ ಎಷ್ಟು ದಿನ ಬೇಕು ಅನ್ನುವ ಎಸ್ಟಿಮೇಟಿನಲ್ಲಿ ಒಂದು ಸಾಲು ಸೇರಿಸುತ್ತೇನೆ. ಇದರಿಂದ ಯಾರಿಗೆ ಏನು ತೊಂದರೆ ಆಗಬಹುದು, ಅದನ್ನು ತಪ್ಪಿಸಲು ಎಷ್ಟು ಸಮಯ ಬೇಕು, ಬೇಡ ಅಂದರೆ ಬೇಡ ಅಂದವರು ಯಾರು. ಇಷ್ಟೇ. ಮನಸ್ಸು ಎಷ್ಟೇ ಒಳ್ಳೆಯದಿದ್ದರೂ ಅದಕ್ಕೆ ಅಂತ ಎರಡು ದಿನ ತೆಗೆದಿಡದಿದ್ದರೆ ಕೆಲಸ ಆಗುವುದಿಲ್ಲ. ಡೆಡ್‌ಲೈನ್ ಹತ್ತಿರ ಬಂದಾಗ ಮೊದಲು ಬಿದ್ದುಹೋಗುವುದು ಯಾರೂ ಲೆಕ್ಕಕ್ಕೆ ಹಿಡಿಯದ ಕೆಲಸವೇ ತಾನೆ.

ಎಸಿಎಂ ಅನ್ನುವ ಕಂಪ್ಯೂಟಿಂಗ್ ವೃತ್ತಿಪರರ ಸಂಘಕ್ಕೆ ಒಂದು ನೀತಿಸಂಹಿತೆ ಇದೆ. 1992ರಲ್ಲಿ ಬಂದದ್ದನ್ನು 2018ರಲ್ಲಿ ಪೂರ್ತಿ ತಿದ್ದಿ ಬರೆದರು. ಅದರಲ್ಲಿ ಹಾನಿ ಮಾಡಬೇಡಿ ಅನ್ನುವ ನಿಯಮದ ಸಂಖ್ಯೆ 1.2. ಎಲ್ಲರೂ ಎತ್ತಿ ಹೇಳುವುದು ಅದನ್ನೇ. ಕೆಲಸದ ನಡುವೆ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು 2.5. ನೀವು ಕಟ್ಟುವ ಸಿಸ್ಟಮ್‌ನಿಂದ ಏನೇನಾಗಬಹುದು, ಅಪಾಯ ಏನು ಅನ್ನುವುದನ್ನು ಪೂರ್ತಿ ಅಳೆದು ಹೇಳಿ ಅನ್ನುತ್ತದೆ ಅದು. ಅಳೆದು ಹೇಳುವುದು ನನಗೆ ಬರುವ ಕೆಲಸ. ಎಂಜಿನಿಯರ್‌ಗೆ ಸಂಬಳ ಕೊಡುವುದೇ ಅದಕ್ಕಲ್ವಾ?

ಮೊದಲ ಟಿಕೆಟ್ಟನ್ನೇ ತೆಗೆದುಕೊಳ್ಳಿ. ‘ನಿಜವಾದ ಡೇಟಾ ಇಲ್ಲದೆ ಬಗ್ ಸಿಗುವುದಿಲ್ಲ’ ಅಂತ ಟೆಸ್ಟಿಂಗ್‌ನವರು ಹೇಳುತ್ತಾರೆ. ಅರ್ಧ ನಿಜ. ಹಾಗೆ ಹೇಳಿದಾಗ ನಾನು ಕೇಳುವುದು, ‘ಯಾವ ಬಗ್? ಯಾವ ಕಾಲಂ ಬೇಕು?’ ಕೂತು ಪಟ್ಟಿ ಮಾಡಿದರೆ ಸಾಮಾನ್ಯವಾಗಿ ಹೊರಬರುವುದು ಇಷ್ಟು: ತೀರಾ ಉದ್ದದ ಹೆಸರು, ಖಾಲಿ ಬಿಟ್ಟ ವಿಳಾಸ, ಒಬ್ಬನೇ ಗ್ರಾಹಕನ ಹೆಸರಿನಲ್ಲಿ ಸಾವಿರಾರು ಆರ್ಡರ್, ಫೆಬ್ರವರಿ 29ಕ್ಕೆ ಹುಟ್ಟಿದವರು. ಇವರಿಗೆ ಬೇಕಿರುವುದು ಡೇಟಾದ ಆಕಾರ. ಅದರ ಹಿಂದಿನ ಜನ ಬೇಕಿಲ್ಲ. ಅಂಥದ್ದನ್ನು ಒಂದು ಸ್ಕ್ರಿಪ್ಟ್ ಬರೆದು ಹುಟ್ಟಿಸಬಹುದು. ಪ್ರೊಡಕ್ಷನ್‌ನಲ್ಲಿ ಸಿಗದ ವಿಚಿತ್ರ ಕೇಸುಗಳನ್ನೂ ಅದರಲ್ಲೇ ಸೇರಿಸಬಹುದು. ಬಗ್ ಇನ್ನೂ ಜಾಸ್ತಿ ಸಿಗುತ್ತವೆ.

ಕೆಲವು ಸಲ ಮಾತ್ರ ನಿಜವಾಗಿಯೂ ಕಾಪಿ ಬೇಕಾಗುತ್ತದೆ. ಆಗ ಡೇಟಾ ಪ್ರೊಡಕ್ಷನ್ ಬಿಟ್ಟು ಹೊರಡುವ ಮೊದಲೇ ಮಾಸ್ಕ್ ಆಗಬೇಕು, ಅಂದರೆ ಯಾರದೆಂದು ಗುರುತು ಸಿಗದಂತೆ ಬದಲಾಗಬೇಕು. ಟೆಸ್ಟ್ ಸರ್ವರ್‌ಗೆ ಬಂದ ಮೇಲೆ ಮಾಡೋಣ ಅಂದರೆ ಆಗಲೇ ಡೇಟಾ ಪೂರ್ತಿ ಇರುವ ಒಂದು ಡಂಪ್ ಫೈಲ್ ಯಾರದೋ ಲ್ಯಾಪ್‌ಟಾಪ್‌ನ ಡೌನ್‌ಲೋಡ್ಸ್‌ನಲ್ಲಿ ಕೂತಿರುತ್ತದೆ.

ಮಾಸ್ಕ್ ಮಾಡುವುದರಲ್ಲೂ ಸುಲಭವಾಗಿ ಮೋಸಹೋಗುತ್ತೇವೆ. ‘ಮೊಬೈಲ್ ನಂಬರನ್ನು ಹ್ಯಾಶ್ ಮಾಡಿದ್ದೇವೆ, ಸುರಕ್ಷಿತ’ ಅನ್ನುವ ಮಾತು ಎಷ್ಟೋ ರಿವ್ಯೂಗಳಲ್ಲಿ ಕೇಳಿದ್ದೇನೆ. ಹ್ಯಾಶ್ ಅಂದರೆ ನಂಬರನ್ನು ಹಿಂದಕ್ಕೆ ತಿರುಗಿಸಲಾಗದ ಒಂದು ಸಂಕೇತವಾಗಿ ಬದಲಿಸುವುದು. ಹತ್ತು ಅಂಕಿಯ ನಂಬರ್ ಅಂದರೆ ಒಟ್ಟು ಸಾಧ್ಯತೆ 1000 ಕೋಟಿ. ಕೇಳಲು ದೊಡ್ಡದು. ಆದರೆ ಎಸ್‌ಎಚ್‌ಎ-256 ಥರದ ಹ್ಯಾಶ್ ಆದರೆ, ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಅಷ್ಟನ್ನೂ ಲೆಕ್ಕ ಹಾಕಿ ಮುಗಿಸಲು ಕೆಲವು ನಿಮಿಷ ಸಾಕು. ಆಮೇಲೆ ಹೋಲಿಸಿ ನೋಡಿದರೆ ಮೂಲ ನಂಬರ್ ಸಿಕ್ಕಿಬಿಡುತ್ತದೆ. ಹಾಗಾಗಿ ಸುಮ್ನೆ ಹ್ಯಾಶ್ ಮಾಡಿದರೆ ಸಾಲದು. ಗುಟ್ಟಿನ ಕೀಲಿ ಸೇರಿಸಿದ ಎಚ್‌ಮ್ಯಾಕ್ ಬಳಸುತ್ತೇವೆ, ಆ ಕೀಲಿ ಪ್ರೊಡಕ್ಷನ್ ಬಿಟ್ಟು ಹೊರಗೆ ಬರುವುದಿಲ್ಲ. ಒಂದು ನಂಬರ್ ಎಲ್ಲ ಟೇಬಲ್‌ಗಳಲ್ಲೂ ಒಂದೇ ರೀತಿ ಬದಲಾಗುವುದರಿಂದ ಟೇಬಲ್‌ಗಳನ್ನು ಜೋಡಿಸುವ ಜಾಯಿನ್‌ಗಳೂ ಮುರಿಯುವುದಿಲ್ಲ.

ಹುಟ್ಟಿದ ದಿನಾಂಕ ಇನ್ನೂ ಕಿತಾಪತಿಯದು. ಲಟಾನ್ಯಾ ಸ್ವೀನಿ ಎಂಬ ಸಂಶೋಧಕಿ 1990ರ ಜನಗಣತಿ ಇಟ್ಟುಕೊಂಡು ತೋರಿಸಿದ್ದರು: ಐದಂಕಿಯ ಅಂಚೆ ಸಂಖ್ಯೆ, ಲಿಂಗ, ಹುಟ್ಟಿದ ದಿನಾಂಕ, ಈ ಮೂರೇ ಸಾಕು, ಅಮೆರಿಕದ ಸುಮಾರು 87% ಜನರನ್ನು ಒಬ್ಬೊಬ್ಬರಾಗಿ ಗುರುತಿಸಬಹುದು ಅಂತ. ಹೆಸರೇ ಬೇಡ. ಆದ್ದರಿಂದ ನಮ್ಮ ಕಾಪಿಯಲ್ಲಿ ಹುಟ್ಟಿದ ವರ್ಷ ಮಾತ್ರ ಉಳಿಯುತ್ತದೆ, ಅಂಚೆ ಸಂಖ್ಯೆಯ ಕೊನೆಯ ಅಂಕಿಗಳು ಹೋಗುತ್ತವೆ.

ಎಲ್ಲಕ್ಕಿಂತ ತಲೆನೋವು ‘ಷರಾ’ ಕಾಲಂ. ಡೇಟಾಬೇಸಿನ ನಕ್ಷೆಯಾದ ಸ್ಕೀಮಾದಲ್ಲಿ ಅದು ಬರೀ ಟೆಕ್ಸ್ಟ್. ಒಳಗೆ ಕಾಲ್ ಸೆಂಟರ್‌ನವರು ಟೈಪ್ ಮಾಡಿರುತ್ತಾರೆ: ‘ಗಂಡ ತೀರಿಕೊಂಡಿದ್ದಾರೆ, ಇನ್ನು ಮೇಲೆ ಮಗನ ನಂಬರಿಗೆ ಕರೆ ಮಾಡಿ.’ ಪಕ್ಕದಲ್ಲೇ ನಂಬರ್. ಹೆಸರಿನ ಕಾಲಂ ಎಷ್ಟೇ ಚೆನ್ನಾಗಿ ಮಾಸ್ಕ್ ಮಾಡಿದರೂ ಇಂಥ ಒಂದು ಸಾಲು ಆ ಮನೆಯ ಕಥೆಯನ್ನೇ ಹೇಳಿಬಿಡುತ್ತದೆ. ಪ್ಯಾಟರ್ನ್ ಹಾಕಿ ನಂಬರ್ ಹುಡುಕಿ ಅಳಿಸೋಣ ಅಂತ ಶುರು ಮಾಡಿದರೆ ಕೊನೆಯೇ ಇಲ್ಲ. ಒಬ್ಬರು ನಂಬರಿನ ನಡುವೆ ಜಾಗ ಬಿಡುತ್ತಾರೆ, ಇನ್ನೊಬ್ಬರು ಅಕ್ಷರದಲ್ಲಿ ಬರೆಯುತ್ತಾರೆ. ಈಗ ಆ ಕಾಲಂ ಪೂರ್ತಿ ತೆಗೆದು, ಅಷ್ಟೇ ಉದ್ದದ ಅರ್ಥವಿಲ್ಲದ ವಾಕ್ಯ ತುಂಬುತ್ತೇವೆ.

2006ರಲ್ಲಿ ಎಒಎಲ್ ಅನ್ನುವ ಅಮೆರಿಕದ ಇಂಟರ್ನೆಟ್ ಕಂಪನಿ ಸುಮಾರು ಆರೂವರೆ ಲಕ್ಷ ಬಳಕೆದಾರರ ಹುಡುಕಾಟದ ದಾಖಲೆಯನ್ನು ಸಂಶೋಧನೆಗೆಂದು ಹೊರಗೆ ಬಿಟ್ಟಿತ್ತು. ಹೆಸರಿನ ಜಾಗದಲ್ಲಿ ನಂಬರ್ ಇತ್ತು. ಕೆಲವೇ ದಿನದಲ್ಲಿ ಪತ್ರಕರ್ತರು ಒಂದು ನಂಬರಿನ ಹಿಂದಿದ್ದ ಮಹಿಳೆಯ ಮನೆ ಬಾಗಿಲಿಗೇ ಹೋದರು. ಆಕೆ ಏನೇನು ಹುಡುಕಿದ್ದರು ಅನ್ನುವುದೇ ದಾರಿ ತೋರಿಸಿತ್ತು. ಷರಾ ಕಾಲಂ ಯಾಕೆ ತೆಗೆಯಬೇಕು ಅಂತ ಯಾರಾದರೂ ಕೇಳಿದರೆ ಈ ಕಥೆ ಹೇಳುತ್ತೇನೆ. ಮತ್ತೆ ಕೇಳುವುದಿಲ್ಲ.

ಎಸ್ಟಿಮೇಟಿನಲ್ಲಿ ಇದಕ್ಕೆಲ್ಲ ಬರೆದದ್ದು ಒಂದೇ ಸಾಲು: ಮಾಸ್ಕಿಂಗ್ ಸ್ಕ್ರಿಪ್ಟ್, ಮೂರು ದಿನ, ಕಾಪಿ ಅಳಿಸುವ ತಾರೀಖು ಇಂತಿಂಥದ್ದು. ಮ್ಯಾನೇಜರ್ ಮೂರು ದಿನದ ಬಗ್ಗೆ ಗೊಣಗಿದರು. ನಾನು ಅಳಿಸುವ ತಾರೀಖಿನ ವಿಷಯದಲ್ಲಿ ಹಟ ಹಿಡಿದೆ. ತಾರೀಖಿಲ್ಲದ ಕಾಪಿ ಯಾವತ್ತೂ ಅಳಿಯುವುದಿಲ್ಲ.

ಎರಡನೆಯ ಟಿಕೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೇರುವ ಬಟನ್ ಹಸಿರು, ದೊಡ್ಡದು. ಬಿಡುವ ದಾರಿ ತಿಳಿಬೂದು ಬಣ್ಣದ ಸಣ್ಣ ಅಕ್ಷರ. ಎಲ್ಲರೂ ನೋಡಿರುತ್ತೀರಿ. ಹ್ಯಾರಿ ಬ್ರಿಗ್ನಲ್ ಎಂಬ ಡಿಸೈನರ್ 2010ರಲ್ಲಿ ಇದಕ್ಕೆ ‘ಡಾರ್ಕ್ ಪ್ಯಾಟರ್ನ್’ ಅಂತ ಹೆಸರಿಟ್ಟರು. ನನ್ನ ಅಳತೆಗೋಲು ಒಂದೇ: ಎಷ್ಟು ಕ್ಲಿಕ್ಕಿಗೆ ಸೇರಬಹುದೋ ಅಷ್ಟೇ ಕ್ಲಿಕ್ಕಿಗೆ ಬಿಡಲೂ ಆಗಬೇಕು. ಇಲ್ಲಿ ನೀತಿಯ ಮಾತು ಕೆಲಸ ಮಾಡಲಿಲ್ಲ. ಸಪೋರ್ಟ್ ಟೀಮಿನಿಂದ ‘ಕ್ಯಾನ್ಸಲ್ ಮಾಡುವುದು ಹೇಗೆ’ ಎಂದು ಬಂದ ಕರೆಗಳ ಲೆಕ್ಕ ತಂದು ಇಟ್ಟೆ, ಆಮೇಲೆ ಮಾತು ಮುಂದುವರಿಯಿತು. ಹಣದ ಲೆಕ್ಕ ತೋರಿಸಿ ಗೆಲ್ಲುವುದು ಸರಿಯಾ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಬಟನ್ ಮೇಲೆ ಬಂತಲ್ಲ, ನನಗೆ ಅಷ್ಟು ಸಾಕು.

ಮೂರನೆಯದು, ಎರರ್ ಮುಚ್ಚಿಡುವುದು. ಇದನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಥೆರಾಕ್-25 ಅನ್ನುವ ಕ್ಯಾನ್ಸರ್ ಚಿಕಿತ್ಸೆಯ ವಿಕಿರಣ ಯಂತ್ರದ ಕಥೆ ಕಂಪ್ಯೂಟರ್ ಓದಿದವರಲ್ಲಿ ಹಲವರಿಗೆ ಗೊತ್ತು. 1985ರಿಂದ 1987ರ ನಡುವೆ ಆರು ರೋಗಿಗಳಿಗೆ ವಿಪರೀತ ವಿಕಿರಣ ಬಿತ್ತು, ಕನಿಷ್ಠ ಮೂವರು ತೀರಿಕೊಂಡರು. ಹಳೆಯ ಮಾಡೆಲ್‌ನಲ್ಲಿ ಅಪಾಯ ತಡೆಯಲು ಹಾರ್ಡ್‌ವೇರ್ ಬೀಗಗಳಿದ್ದವು. ಹೊಸದರಲ್ಲಿ ಅವನ್ನು ತೆಗೆದು ಸಾಫ್ಟ್‌ವೇರನ್ನೇ ನಂಬಿದ್ದರು. ಕ್ಲಾಸಿನಲ್ಲಿ ಪಾಠ ಮಾಡುವುದು ಅದರ ರೇಸ್ ಕಂಡೀಷನ್ ಬಗ್ಗೆ, ಅಂದರೆ ಎರಡು ಕೆಲಸಗಳ ಸಮಯ ಹಿಂದುಮುಂದಾಗಿ ಹುಟ್ಟುವ ದೋಷದ ಬಗ್ಗೆ. ನನ್ನನ್ನು ಕಾಡುವುದು ಪರದೆಯ ಮೇಲೆ ಬರುತ್ತಿದ್ದ ಸಂದೇಶ: ‘ಮಾಲ್‌ಫಂಕ್ಷನ್ 54’. ಅಷ್ಟೇ. ಯಂತ್ರ ನಡೆಸುವವರ ಕೈಪಿಡಿಯಲ್ಲಿ ಅದರ ವಿವರಣೆ ಇರಲಿಲ್ಲ. ಇಂಥ ಸಂದೇಶಗಳು ಆಗಾಗ ಬರುತ್ತಿದ್ದರಿಂದ, ‘ಪಿ’ ಕೀ ಒತ್ತಿ ಮುಂದುವರಿಯುವುದು ಅವರಿಗೆ ಅಭ್ಯಾಸವಾಗಿತ್ತು. ಅವರ ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ನಾವು ಮಾಡುವುದು ಪಾವತಿಯ ಕೆಲಸ, ಅದರಲ್ಲಿ ಯಾರೂ ಸಾಯುವುದಿಲ್ಲ. ಆದರೂ ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಅಂತ ತೋರಿಸಿದರೆ ಜನ ಮತ್ತೆ ಪ್ರಯತ್ನಿಸುತ್ತಾರೆ. ಎರಡು ಸಲ ದುಡ್ಡು ಹೋಗುತ್ತದೆ. ಆದ್ದರಿಂದ ನಮ್ಮಲ್ಲಿ ಎರರ್ ಸಂದೇಶ ರಿವ್ಯೂ ಮಾಡುವಾಗ ನಾನು ನೋಡುವುದು ಎರಡು ವಿಷಯ. ದುಡ್ಡು ಹೋಯಿತೋ ಇಲ್ಲವೋ ಗೊತ್ತಾಗುತ್ತದಾ? ಈಗ ಏನು ಮಾಡಬೇಕು ಅನ್ನುವುದು ಇದೆಯಾ? ‘ನಿಮ್ಮ ಖಾತೆಯಿಂದ ಹಣ ಹೋಗಿದೆಯೋ ಇಲ್ಲವೋ ಪರಿಶೀಲಿಸುತ್ತಿದ್ದೇವೆ, ದಯವಿಟ್ಟು ಮತ್ತೆ ಪಾವತಿಸಬೇಡಿ’ ಅಂತ ಹಾಕಲು ಡಿಸೈನ್‌ನವರು ಒಪ್ಪಲಿಲ್ಲ. ಭಯ ಹುಟ್ಟಿಸುತ್ತದಂತೆ. ಹುಟ್ಟಿಸಲಿ ಬಿಡಿ ಅಂದೆ.

ಇದರ ಬೆನ್ನಿಗೇ ಬರುವುದು ತಿದ್ದುಪಡಿಯ ವಿಷಯ. ಬ್ಯಾಲೆನ್ಸ್ ತಪ್ಪಾಗಿದೆ, ಡೇಟಾಬೇಸಿಗೆ ಹೋಗಿ ಒಂದು ಅಪ್‌ಡೇಟ್ ಹೊಡೆದರೆ ಸರಿಹೋಗುತ್ತದೆ. ಹೊಸದಾಗಿ ಸೇರಿದ ಹುಡುಗನೊಬ್ಬ ಹೇಳಿದ, ‘ಒಂದೇ ಕ್ವೆರಿ, ಯಾರಿಗೂ ಗೊತ್ತಾಗಲ್ಲ.’ ಅವನನ್ನು ಕೂರಿಸಿಕೊಂಡು ಬ್ರಿಟನ್ನಿನ ಪೋಸ್ಟ್ ಆಫೀಸ್ ಸಂಸ್ಥೆಯ ಹೊರೈಜನ್ ಕಥೆ ಹೇಳಿದೆ. ಫುಜಿತ್ಸು ಕಟ್ಟಿಕೊಟ್ಟ ಆ ಲೆಕ್ಕದ ಸಿಸ್ಟಮ್ ಸಣ್ಣ ಅಂಚೆ ಕಚೇರಿಗಳಲ್ಲಿ ಇಲ್ಲದ ಕೊರತೆ ತೋರಿಸುತ್ತಿತ್ತು. ಅದನ್ನೇ ಸಾಕ್ಷಿ ಮಾಡಿಕೊಂಡು 1999ರಿಂದ 2015ರವರೆಗೆ ಆ ಕಚೇರಿಗಳನ್ನು ನಡೆಸುತ್ತಿದ್ದ 900ಕ್ಕೂ ಹೆಚ್ಚು ಜನರನ್ನು ಕಳ್ಳರೆಂದು ಶಿಕ್ಷೆಗೆ ಗುರಿಮಾಡಿದರು. ಹೊರಗಿನಿಂದ ಯಾರೂ ಆ ಲೆಕ್ಕ ಮುಟ್ಟಲು ಆಗುವುದಿಲ್ಲ ಅಂತ ಸಂಸ್ಥೆಯವರು ವರ್ಷಗಟ್ಟಲೆ ಹೇಳುತ್ತಾ ಬಂದರು. ಫುಜಿತ್ಸು ಸಿಬ್ಬಂದಿಗೆ ಅದು ಸಾಧ್ಯವಿತ್ತು ಅನ್ನುವುದು ಆಮೇಲೆ ಹೊರಬಂತು. ಸಿಸ್ಟಮ್‌ನಲ್ಲಿ ದೋಷಗಳಿದ್ದವು ಅಂತ ಹೈಕೋರ್ಟ್ ತೀರ್ಪು ಕೊಟ್ಟದ್ದು 2019ರಲ್ಲಿ.

ನಮ್ಮಲ್ಲಿ ಈಗ ಹಣದ ಟೇಬಲ್‌ಗೆ ಯಾರೂ ನೇರವಾಗಿ ಕೈ ಹಾಕುವಂತಿಲ್ಲ. ತಿದ್ದಬೇಕಿದ್ದರೆ ಹಳೆಯ ಸಾಲು ಹಾಗೇ ಇಟ್ಟು ಹೊಸ ಸಾಲು ಸೇರಿಸಬೇಕು. ಯಾರು, ಯಾವಾಗ, ಯಾಕೆ ಅಂತ ಬರೆಯಬೇಕು. ಆ ತಿದ್ದುಪಡಿ ಗ್ರಾಹಕರ ಸ್ಟೇಟ್‌ಮೆಂಟಿನಲ್ಲೂ ಕಾಣಬೇಕು. ಕೊನೆಯ ಅಂಶಕ್ಕೆ ಜಗಳವಾಡಬೇಕಾಯಿತು. ‘ನಮ್ಮ ಬಗ್‌ಗಳನ್ನು ನಾವೇ ಊರಿಗೆ ಸಾರಬೇಕಾ?’ ಅಂದರು. ಹೌದು, ಅದು ಅವರ ದುಡ್ಡು.

ಎಸ್ಟಿಮೇಟಿನ ಸಾಲು ಎಲ್ಲ ಸಲವೂ ಉಳಿಯುತ್ತದೆ ಅಂದುಕೊಳ್ಳಬೇಡಿ. ತೆಗೆಯಿರಿ ಅಂದಾಗ ನಾನು ಜಗಳಕ್ಕೆ ಹೋಗುವುದಿಲ್ಲ. ‘ಆಯ್ತು, ತೆಗೆಯೋಣ. ಇದು ಯಾರ ನಿರ್ಧಾರ ಅಂತ ಟಿಕೆಟ್‌ನಲ್ಲಿ ಹಾಕಿಬಿಡೋಣ’ ಅನ್ನುತ್ತೇನೆ. ಎಷ್ಟೋ ಜನ ಅಲ್ಲಿಗೆ ಮನಸ್ಸು ಬದಲಾಯಿಸುತ್ತಾರೆ. ಕೆಲವರು ಸಹಿ ಹಾಕಿಯೇ ಬಿಡುತ್ತಾರೆ. ಆಗ ನಾನು ನಿರ್ಧರಿಸಬೇಕಾದ್ದು, ಇದನ್ನು ನನ್ನ ಕೈಯಾರೆ ಬರೆಯಲು ಆಗುತ್ತದಾ ಅಂತ. ಒಮ್ಮೆ, ಆ್ಯಪ್ ಮುಚ್ಚಿದ್ದಾಗಲೂ ಬಳಕೆದಾರ ಎಲ್ಲಿದ್ದಾರೆ ಅಂತ ದಾಖಲಿಸುವ ಕೆಲಸ ಬಂತು. ಯಾಕೆ ಅಂದರೆ ‘ಮುಂದೆ ಬೇಕಾಗಬಹುದು.’ ನಾನು ಬರೆಯುವುದಿಲ್ಲ ಅಂತ ಇಮೇಲ್‌ನಲ್ಲೇ ಹೇಳಿದೆ. ಬೇರೆ ಟೀಮಿನವರು ಬರೆದರು. ನನ್ನ ಕೆಲಸವೇನೂ ಹೋಗಲಿಲ್ಲ, ಆ ವರ್ಷದ ರೇಟಿಂಗ್ ಹೋಯಿತು. ಸಾಲದ ಕಂತು ಕಟ್ಟುವವರಿಗೆ ಇದು ಸಣ್ಣ ವಿಷಯವಲ್ಲ. ಅದಕ್ಕೇ ಇನ್ನೊಬ್ಬರಿಗೆ ‘ನೀವೂ ಇಲ್ಲ ಅನ್ನಿ’ ಅಂತ ಉಪದೇಶ ಮಾಡಲು ಹೋಗುವುದಿಲ್ಲ.

‘ಮೇಲಿನವರು ಹೇಳಿದರು’ ಅನ್ನುವ ಮಾತು ಎಲ್ಲಿಯವರೆಗೆ ಕಾಪಾಡುತ್ತದೆ ಅನ್ನುವುದನ್ನು ಮಾತ್ರ ನೆನಪಿಸುತ್ತೇನೆ. ಫೋಕ್ಸ್‌ವ್ಯಾಗನ್ ಕಾರುಗಳ ಸಾಫ್ಟ್‌ವೇರ್, ಹೊಗೆ ಪರೀಕ್ಷೆ ನಡೆಯುವುದನ್ನು ಗುರುತಿಸಿ ಆಗ ಮಾತ್ರ ಕಡಿಮೆ ಹೊಗೆ ಬಿಡುತ್ತಿತ್ತು. 2015ರಲ್ಲಿ ಸಿಕ್ಕಿಬಿದ್ದಾಗ ಅಂಥ ಕಾರುಗಳು ಜಗತ್ತಿನಲ್ಲಿ ಸುಮಾರು 1.1 ಕೋಟಿ. 2017ರಲ್ಲಿ ಅಮೆರಿಕದ ಕೋರ್ಟ್ ಆ ಕಂಪನಿಯ ಒಬ್ಬ ಎಂಜಿನಿಯರ್‌ಗೆ 40 ತಿಂಗಳ ಜೈಲು ವಿಧಿಸಿತು. ಆತ ಕಂಪನಿಯ ದೊಡ್ಡ ತಲೆಯೇನೂ ಆಗಿರಲಿಲ್ಲ.

ಕಂಪನಿಯೊಳಗೆ ಯಾರೂ ಕೇಳದೆ ಹೋದರೆ ಹೊರಗೆ ಹೇಳಬೇಕಾ? ಎಸಿಎಂ ಸಂಹಿತೆ ಆ ಬಾಗಿಲನ್ನು ಮುಚ್ಚಿಲ್ಲ. ಆದರೆ ಪೂರ್ತಿ ತಿಳಿಯದೆ ದೂರಿದರೆ ಅದೂ ಹಾನಿಯೇ ಅಂತ ಜೊತೆಯಲ್ಲೇ ಎಚ್ಚರಿಸುತ್ತದೆ. ನಾನು ಇಲ್ಲಿಯವರೆಗೆ ಆ ಬಾಗಿಲ ಹತ್ತಿರ ಹೋಗಿಲ್ಲ. ಹೋಗುವ ಹೊತ್ತು ಬಂದರೆ ಟಿಕೆಟ್‌ಗಳಲ್ಲಿ ತಾರೀಖು ಸಮೇತ ಬರೆದಿಟ್ಟಿರುವುದೇ ಕೈಹಿಡಿಯಬೇಕು.

ಈಚೆಗೆ ಒಂದು ಹೊಸ ಸಾಲು ಸೇರಿದೆ. ರಾತ್ರಿ ಆನ್‌ಕಾಲ್‌ನಲ್ಲಿ ಸರ್ವರ್ ಬಿದ್ದಾಗ, ಹುಡುಗರು ಎರರ್ ಲಾಗ್, ಅಂದರೆ ಸರ್ವರ್ ಬರೆದಿಡುವ ದಾಖಲೆ, ಪೂರ್ತಿ ಕಾಪಿ ಮಾಡಿ ಎಐ ಸಹಾಯಕಕ್ಕೆ ಅಂಟಿಸುತ್ತಾರೆ. ಉತ್ತರ ಬೇಗ ಸಿಗುತ್ತದೆ, ನಿಜ. ಆ ಲಾಗಿನಲ್ಲಿ ಗ್ರಾಹಕರ ಇಮೇಲ್ ಇರುತ್ತದೆ, ಕೆಲವು ಸಲ ಖಾತೆಯೊಳಗೆ ಹೋಗುವ ಕೀಲಿಯಂಥ ಲಾಗಿನ್ ಟೋಕನ್ ಕೂಡ. ಅಂಟಿಸಬೇಡಿ ಅಂತ ನೋಟಿಸ್ ಹಾಕಿದೆವು. ಮಧ್ಯರಾತ್ರಿ ಎರಡು ಗಂಟೆಗೆ ನೋಟಿಸ್ ಯಾರಿಗೆ ನೆನಪಿರುತ್ತದೆ? ಆಮೇಲೆ ಇಮೇಲ್, ಟೋಕನ್ ತೆಗೆದುಹಾಕುವ ಒಂದು ಕಮಾಂಡ್ ಬರೆದೆವು. ಇನ್ನೊಂದು ವಿಂಡೋ ತೆರೆಯಬೇಕಲ್ಲ ಅಂತ ಅದನ್ನೂ ಬಿಟ್ಟುಬಿಟ್ಟರು. ಸರಿಯಾದ ದಾರಿ ಅಂದರೆ ಟೋಕನ್ ಲಾಗಿಗೆ ಬೀಳದಂತೆಯೇ ಮಾಡುವುದು. ಅದಕ್ಕೆ ಹಳೆಯ ಸರ್ವಿಸ್‌ಗಳ ಲಾಗಿಂಗ್ ಕೋಡ್ ಎಲ್ಲ ಮುಟ್ಟಬೇಕು. ಮುಂದಿನ ಸ್ಪ್ರಿಂಟ್‌ಗೆ ಐದು ದಿನ ಅಂತ ಬರೆದಿದ್ದೇನೆ. ಮೂರಕ್ಕೆ ಇಳಿಸಿ ಅಂತ ಆಗಲೇ ಕಾಮೆಂಟ್ ಬಂದಿದೆ.