ಮಲಕಾಲ್‌ನಲ್ಲಿ ಯುಎನ್ ಪೊಲೀಸ್ ಡ್ಯೂಟಿ: ಬೆಳಗಿನ ಮಾತ್ರೆಯಿಂದ ರಾತ್ರಿಯ ವಾಕಿಟಾಕಿವರೆಗೆ

ದಕ್ಷಿಣ ಸುಡಾನಿನಲ್ಲಿರುವ ವಿಶ್ವಸಂಸ್ಥೆಯ (ಯುಎನ್) ಶಾಂತಿಪಾಲನಾ ಮಿಷನ್ನಿಗೆ ಎಲ್ಲರೂ ಕರೆಯುವ ಹೆಸರು ಅನ್‌ಮಿಸ್. ಅಲ್ಲಿಗೆ ಐಪಿಓ (ತುಕಡಿಯ ಜೊತೆಗಲ್ಲದೆ ಬಿಡಿಯಾಗಿ ಹೋಗುವ ಪೊಲೀಸ್ ಅಧಿಕಾರಿ) ಆಗಿ ಆಯ್ಕೆಯಾದವರಲ್ಲಿ ಕೆಲವರಿಗೆ ರಾಜಧಾನಿ ಜುಬಾ ಸಿಗುತ್ತದೆ, ಕೆಲವರಿಗೆ ಮಲಕಾಲ್. ಇದು ಮಲಕಾಲ್ ಸಿಕ್ಕವರಿಗೆ.

ಮಲಕಾಲ್ ಬಿಳಿ ನೈಲ್ ನದಿಯ ಪೂರ್ವ ದಡದ ಊರು. 2013ರ ಡಿಸೆಂಬರಿನಲ್ಲಿ ಅಂತರ್ಯುದ್ಧ ಶುರುವಾದಾಗ ಜನ ಜೀವ ಉಳಿಸಿಕೊಳ್ಳಲು ಯುಎನ್ ಬೇಸ್‌ನೊಳಗೇ ನುಗ್ಗಿದರು. ಹಾಗೆ ಹುಟ್ಟಿದ ಶಿಬಿರಗಳಿಗೆ ಪಿಓಸಿ, ಅಂದರೆ ನಾಗರಿಕರ ರಕ್ಷಣಾ ತಾಣ, ಎಂಬ ಹೆಸರು ಬಂತು. ಬೇರೆ ಊರುಗಳ ಪಿಓಸಿಗಳನ್ನು 2020–21ರಲ್ಲಿ ಅಲ್ಲಿನ ಸರ್ಕಾರಕ್ಕೆ ವಹಿಸಿದಾಗ ಮಲಕಾಲ್‌ನದನ್ನು ಮಾತ್ರ ಯುಎನ್ ತನ್ನ ಬಳಿಯೇ ಇಟ್ಟುಕೊಂಡಿತು. ಶಿಲುಕ್, ನುಯೆರ್, ಡಿಂಕಾ ಜನರ ನಡುವಿನ ಗುಮಾನಿ ಆ ಬೇಲಿಯೊಳಗೂ ಇದೆ. 2016ರ ಫೆಬ್ರವರಿ 17–18ರಂದು ಬಂದೂಕುಧಾರಿಗಳು ಒಳಗೆ ನುಗ್ಗಿ ಗುಡಿಸಲುಗಳಿಗೆ ಬೆಂಕಿ ಇಟ್ಟಿದ್ದರು. ಗಸ್ತು ತಿರುಗುವಾಗ ಬೇಲಿಯ ತಂತಿ ಎಲ್ಲಿ ಕತ್ತರಿಸಿದೆ ಎಂದು ನೋಡಲು ಹೇಳುವುದು ಸುಮ್ಮನೆ ಅಲ್ಲ.

ಐಪಿಓ ಹತ್ತಿರ ಆಯುಧ ಇರುವುದಿಲ್ಲ. ಅದಿರುವುದು ಎಫ್‌ಪಿಯು ಎಂಬ ಸಶಸ್ತ್ರ ಪೊಲೀಸ್ ತುಕಡಿಯ ಹತ್ತಿರ. ಊರಿನ ಠಾಣೆಗೆ ಹೋದರೆ ಸ್ಥಳೀಯ ಪೊಲೀಸರ ಪಕ್ಕ ಕೂತು ಸಲಹೆ ಕೊಡಬಹುದು, ಲಾಕಪ್ಪಿನಲ್ಲಿ ಎಷ್ಟು ಜನ, ಎಷ್ಟು ದಿನದಿಂದ ಎಂದು ಕೇಳಿ ಬರೆದುಕೊಳ್ಳಬಹುದು. ಕೇಸು ದಾಖಲಿಸುವುದು, ತನಿಖೆ ಮಾಡುವುದು ಅವರ ಕೆಲಸ. ನಮ್ಮಲ್ಲಿ ಹದಿನೈದು ವರ್ಷ ಠಾಣೆ ನಡೆಸಿದ ಅಧಿಕಾರಿಗೆ ಅಲ್ಲಿನ ಬಿಸಿಲಿಗಿಂತ ಕಷ್ಟವಾಗುವುದು ಹೀಗೆ ಕೈಕಟ್ಟಿ ಕೂರುವುದೇ.

ಹೊರಡುವ ಮೊದಲು

ಹಳದಿ ಜ್ವರದ ಲಸಿಕೆಯನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಚುಚ್ಚಿಸಿಕೊಂಡ 10 ದಿನದ ನಂತರವಷ್ಟೇ ಪ್ರಮಾಣಪತ್ರ ಜಾರಿಗೆ ಬರುತ್ತದೆ. ಅಧಿಕೃತ ಕೇಂದ್ರದಲ್ಲೇ ಹಾಕಿಸಿ. ಡಾಲರು ಒಯ್ಯುವುದಾದರೆ ಹೊಸ ನೋಟುಗಳನ್ನೇ ಕೇಳಿ ಪಡೆಯಿರಿ. ಮಡಿಕೆ ಬಿದ್ದ, ಗೀಚಿದ, ಹಳೇ ಮುದ್ರಣದ ನೋಟನ್ನು ಮಾರುಕಟ್ಟೆಯಲ್ಲಿ ಮುಟ್ಟುವುದಿಲ್ಲ. ಚಿಕ್ಕ ನೋಟಿಗೆ ದರವೂ ಕಮ್ಮಿ. ಎರಡು ಲೀಟರಿನ ಕುಕ್ಕರ್, ಒಂದು ಹೆಚ್ಚುವರಿ ಗ್ಯಾಸ್ಕೆಟ್, ಮೊಣಕಾಲುದ್ದದ ಗಂಬೂಟು, ಹೆಡ್‌ಲ್ಯಾಂಪ್, ಸೊಳ್ಳೆಪರದೆ. ಇವು ಬ್ಯಾಗಿನಲ್ಲಿದ್ದರೆ ಮೊದಲ ತಿಂಗಳು ದಾಟಬಹುದು. ಜುಬಾದಿಂದ ಮುಂದಿನ ವಿಮಾನ, ಹೆಲಿಕಾಪ್ಟರುಗಳಲ್ಲಿ ತೂಕದ ಮಿತಿ ಕಟ್ಟುನಿಟ್ಟು. ಅಕ್ಕಿ ಮೂಟೆ ಹೊತ್ತು ಹೋಗಿ ಕೌಂಟರಿನಲ್ಲಿ ವಾದ ಮಾಡಿದರೆ ಉಳಿಯುವುದು ಅಕ್ಕಿಯಲ್ಲ, ನೀವು.

ಬೆಳಗ್ಗೆ

ಮಲೇರಿಯಾ ತಡೆಯ ಮಾತ್ರೆ ದಿನದ ಮೊದಲ ಕೆಲಸ. ವೈದ್ಯರು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಬರೆದಿದ್ದರೆ ದಿನಕ್ಕೊಂದು, ತಿಂಡಿ ತಿಂದ ಮೇಲೆ, ಒಂದು ದೊಡ್ಡ ಲೋಟ ನೀರಿನ ಜೊತೆ. ನುಂಗಿದ ಮೇಲೆ ಅರ್ಧ ಗಂಟೆಯಾದರೂ ಮಲಗಬಾರದು. ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗಿ ಎದೆ ಉರಿಯುತ್ತದೆ, ಎಷ್ಟೋ ಜನ ಅದನ್ನೇ ಹೃದಯದ ನೋವೆಂದು ಹೆದರುತ್ತಾರೆ. ಈ ಮಾತ್ರೆ ಚರ್ಮವನ್ನು ಬಿಸಿಲಿಗೆ ಬೇಗ ಸುಡಿಸುತ್ತದೆ, ಹಾಗಾಗಿ ಉದ್ದ ತೋಳಿನ ಅಂಗಿ. ವಾರಕ್ಕೊಮ್ಮೆ ನುಂಗುವ ಮೆಫ್ಲೋಕ್ವಿನ್ ಸಿಕ್ಕಿದವರಿಗೆ ಕೆಟ್ಟ ಕನಸು, ಕಳವಳ, ಮಂಕು ಶುರುವಾದರೆ ತಡೆದುಕೊಳ್ಳದೆ ವೈದ್ಯರಿಗೆ ಹೇಳಿ ಬದಲಿಸಬೇಕು. ಮಾತ್ರೆ ನುಂಗುತ್ತಿದ್ದರೂ ಜ್ವರ ಬಂದರೆ ಅದೇ ದಿನ ರಕ್ತಪರೀಕ್ಷೆ. ಅಲ್ಲಿನದು ಹೆಚ್ಚಾಗಿ ಫಾಲ್ಸಿಪಾರಂ ಮಲೇರಿಯಾ, ಎರಡು ದಿನ ಕಾದರೆ ಮೆದುಳಿಗೆ ಏರಬಹುದು.

ಆಮೇಲೆ ರೇಡಿಯೋ ಚೆಕ್. ವೈರ್‌ಲೆಸ್ ಗೊತ್ತಿಲ್ಲದ ಪೊಲೀಸರಿಲ್ಲ, ಆದರೂ ಇಲ್ಲಿ ಎಡವುವವರು ಬಹಳ. ಗುಂಡಿ ಒತ್ತಿ, ಒಂದು ಸೆಕೆಂಡ್ ತಡೆದು, ಆಮೇಲೆ ಮಾತಾಡಿ. ಒತ್ತಿದ ಕೂಡಲೇ ಶುರು ಮಾಡಿದರೆ ಮೊದಲ ಪದ, ಅಂದರೆ ನಿಮ್ಮ ಕಾಲ್‌ಸೈನ್ (ರೇಡಿಯೋದಲ್ಲಿ ನಿಮ್ಮ ಗುರುತಿನ ಹೆಸರು), ನುಂಗಿಹೋಗುತ್ತದೆ. ಹೆಸರುಗಳನ್ನು ಆಲ್ಫಾ, ಬ್ರಾವೋ, ಚಾರ್ಲಿ ಎಂದೇ ಬಿಡಿಸಿ. ಕೇಳುವವರು ನೇಪಾಳದವರೋ, ಘಾನಾದವರೋ, ರುವಾಂಡದವರೋ ಆಗಿರಬಹುದು, ನಮ್ಮ ಇಂಗ್ಲಿಷಿನ ವೇಗ ಅವರಿಗೆ ಅರ್ಥವಾಗದು. ಉತ್ತರ ಬೇಕಿದ್ದರೆ 'ಓವರ್', ಮಾತು ಮುಗಿದರೆ 'ಔಟ್'. ಎರಡನ್ನೂ ಒಟ್ಟಿಗೆ ಹೇಳುವುದು ಸಿನಿಮಾದಲ್ಲಿ ಮಾತ್ರ.

ಗಾಡಿ ಮತ್ತು ಎರೆಮಣ್ಣು

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮಿಷನ್‌ನಲ್ಲಿ ಹೆಚ್ಚು ಪೆಟ್ಟು ತಿನ್ನಿಸುವುದು ಗಾಡಿ. ಗಾಡಿಗಳಿಗೆ ಸ್ಟೀರಿಂಗ್ ಎಡಗಡೆ, ಸಂಚಾರ ಬಲಗಡೆ. ಮಿಷನ್‌ಗೆ ಬಂದ ಮೇಲೆ ಮತ್ತೆ ಡ್ರೈವಿಂಗ್ ಪರೀಕ್ಷೆ ಇರುತ್ತದೆ. ರಿವರ್ಸ್ ಪಾರ್ಕಿಂಗ್ ಅನ್ನು ಕನ್ನಡಿ ನೋಡಿಕೊಂಡೇ ಮಾಡುವುದನ್ನು ಊರಿನಲ್ಲೇ ಅಭ್ಯಾಸ ಮಾಡಿಕೊಳ್ಳಿ. ಎಡಗೈಯಲ್ಲಿ ಗೇರ್ ಹಾಕಿ ರೂಢಿಯಾದವರು ಗಡಿಬಿಡಿಯಲ್ಲಿ ಎಡಬಾಗಿಲಿನ ಹಿಡಿಕೆಗೆ ಕೈ ಹಾಕುತ್ತಾರೆ.

ಮಲಕಾಲ್ ಸುತ್ತಮುತ್ತಲ ನೆಲ ಗದಗ, ವಿಜಯಪುರದ ಕಡೆಯವರಿಗೆ ಪರಿಚಯ ಬೇಕಿಲ್ಲದ ಎರೆಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ಮೇ ತಿಂಗಳಿನಿಂದ ಅಕ್ಟೋಬರಿನವರೆಗಿನ ಮಳೆಗಾಲದಲ್ಲಿ ಅಂಟು. ಅರ್ಧ ಗಂಟೆ ಮಳೆ ಬಿದ್ದರೆ ಟಯರಿನ ಕಚ್ಚುಗಳು ಮಣ್ಣಿನಿಂದ ತುಂಬಿ ನುಣ್ಣಗಾಗುತ್ತವೆ. ಆಗ ಬ್ರೇಕ್ ಒತ್ತಿದರೂ ಗಾಡಿ ತನ್ನ ಪಾಡಿಗೆ ತಾನು ಹೋಗುತ್ತದೆ.

ಲ್ಯಾಂಡ್ ಕ್ರೂಸರಿನ ಹಳೆಯ ಮಾದರಿಗಳಲ್ಲಿ ಸಣ್ಣ ಗೇರ್ ಲಿವರನ್ನು ಎಚ್4ಕ್ಕೆ (ನಾಲ್ಕೂ ಚಕ್ರಕ್ಕೆ ಶಕ್ತಿ) ತಳ್ಳಿದರಷ್ಟೇ ಸಾಲದು. ಮುಂದಿನ ಎರಡು ಚಕ್ರಗಳಲ್ಲೂ ನಟ್ಟನಡುವೆ ಇರುವ ಹಬ್ ಅನ್ನು ಕೈಯಿಂದ ತಿರುಗಿಸಿ 'ಫ್ರೀ'ಯಿಂದ 'ಲಾಕ್'ಗೆ ತರಬೇಕು. ಇದನ್ನು ಮರೆತವರ ಗಾಡಿಯಲ್ಲಿ ಹಿಂದಿನ ಚಕ್ರ ಮಾತ್ರ ಸುತ್ತುತ್ತಾ ಗುಂಡಿ ತೋಡುತ್ತದೆ, ಚಾಲಕ ಫೋರ್‌ವೀಲ್ ಕೆಟ್ಟಿದೆ ಎನ್ನುತ್ತಾನೆ. ಕೆಸರಿಗೆ ಇಳಿದ ಮೇಲೆ ತಿರುಗಿಸಲು ಹೋದರೆ ಹಬ್ಬೇ ಮಣ್ಣಿನಲ್ಲಿ ಹೂತಿರುತ್ತದೆ. ಮಳೆ ಮೋಡ ಕಂಡರೆ ಬೇಸ್‌ನಲ್ಲೇ ಲಾಕ್ ಮಾಡಿ ಹೊರಡಿ. ಲಿವರು ಎಚ್2ನಲ್ಲಿರುವವರೆಗೆ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ) ತೊಂದರೆಯಿಲ್ಲ. ಒಣ ಗಟ್ಟಿ ರಸ್ತೆಯಲ್ಲಿ ಎಚ್4 ಇಟ್ಟು ಓಡಿಸಿದರೆ ಮಾತ್ರ ತಿರುವಿನಲ್ಲಿ ಸ್ಟೀರಿಂಗ್ ಬಿಗಿಯುತ್ತದೆ, ಗೇರ್ ಪೆಟ್ಟಿಗೆಗೂ ಏಟು.

ಕೆಸರಿನಲ್ಲಿ ಎರಡನೇ ಅಥವಾ ಮೂರನೇ ಗೇರು, ಒಂದೇ ವೇಗ, ನಡುವೆ ನಿಲ್ಲಬೇಡಿ. ಗಾಡಿ ಕೂತರೆ ಆಕ್ಸಿಲರೇಟರ್ ಒತ್ತಿ ಹಿಡಿಯಬೇಡಿ. ಕೆಳಗಿಳಿದು ಚಕ್ರದ ಮುಂದಿನ ಮಣ್ಣು ತೆಗೆಯಿರಿ, ಎಲ್4 (ನಾಲ್ಕೂ ಚಕ್ರಕ್ಕೆ ನಿಧಾನ, ಹೆಚ್ಚು ಎಳೆತ) ಹಾಕಿ, ಬಂದ ಜಾಡಿನಲ್ಲೇ ಹಿಂದಕ್ಕೆ ಬನ್ನಿ. ಹಗ್ಗ ಕಟ್ಟಿ ಎಳೆಸುವಾಗ ಸುತ್ತ ನಿಂತವರನ್ನು ದೂರ ಕಳಿಸಿ, ಕಿತ್ತುಬಂದ ಹಗ್ಗ ಮೂಳೆ ಮುರಿಯುತ್ತದೆ. ಬೇಸ್‌ನಿಂದ ಹೊರಗೆ ಹೋಗುವಾಗ ಎರಡು ಗಾಡಿ ಬೇಕೆನ್ನುವುದರ ಹಿಂದೆ ಈ ಕಾರಣವೂ ಇದೆ.

ದಾರಿಯಲ್ಲಿ ಸ್ಥಳೀಯ ಪೊಲೀಸರು ಲಿಫ್ಟ್ ಕೇಳುತ್ತಾರೆ. ಪೊಲೀಸರಿಗೆ ಪೊಲೀಸರು ಇಲ್ಲ ಅನ್ನುವುದು ಹೇಗೆ ಎನಿಸುತ್ತದೆ. ಆದರೂ ಮುಂಚಿತ ಅನುಮತಿ ಮತ್ತು ಸಹಿ ಮಾಡಿದ ಕಾಗದವಿಲ್ಲದೆ ಯುಎನ್ ಗಾಡಿಗೆ ಹೊರಗಿನವರನ್ನು, ಅದರಲ್ಲೂ ಬಂದೂಕು ಹಿಡಿದವರನ್ನು, ಹತ್ತಿಸುವಂತಿಲ್ಲ.

ಗಸ್ತಿನಲ್ಲಿ

ಪಿಓಸಿಯೊಳಗೆ ಇಳಿದು ನಡೆಯಿರಿ. ಗಾಜು ಏರಿಸಿಕೊಂಡು ಹೋದವರಿಗೆ ಏನೂ ಗೊತ್ತಾಗುವುದಿಲ್ಲ. ಜುಬಾ ಅರೇಬಿಕ್‌ನಲ್ಲಿ 'ಇತಾ ಕೇಫ್?' ಎಂದರೆ ಹೇಗಿದ್ದೀರಿ ಎಂದು, ನುಯೆರ್ ಜನರಿಗೆ 'ಮಾಲೆ' ಎಂದರೆ ನಮಸ್ಕಾರ. ಒಂದು ಭಾಷೆಯ ದುಭಾಷಿಯನ್ನೇ ಎಲ್ಲ ಕಡೆ ಕರೆದುಕೊಂಡು ಹೋದರೆ ಇನ್ನೊಂದು ಸಮುದಾಯ ಬಾಯಿ ಬಿಡುವುದಿಲ್ಲ. ಹಿರಿಯರು, ಕಾವಲು ಗುಂಪಿನ ಹುಡುಗರು ಆದಮೇಲೆ ನಲ್ಲಿಯ ಹತ್ತಿರದ ಹೆಂಗಸರನ್ನು ತಪ್ಪದೆ ಮಾತಾಡಿಸಿ. ಸೌದೆಗೆ ಹೋದಾಗ ಯಾವ ಕಡೆ ಹೆದರಿಕೆ ಎಂಬುದು ಅವರಿಗೇ ಗೊತ್ತು. ಮೊಬೈಲ್ ಜೇಬಿನಲ್ಲೇ ಇರಲಿ. ಅನುಮತಿಯಿಲ್ಲದೆ ಫೋಟೊ ತೆಗೆದರೆ ಆ ದೇಶದಲ್ಲಿ ಸಂಜೆವರೆಗೆ ವಿವರಣೆ ಕೊಡುತ್ತಾ ಕೂರಬೇಕಾಗುತ್ತದೆ.

ಲೈಂಗಿಕ ಶೋಷಣೆಯ ವಿಷಯದಲ್ಲಿ ಯುಎನ್ ನಿಯಮ 2003ರಿಂದಲೂ ಲಿಖಿತವಾಗಿದೆ. ಹಣ, ಕೆಲಸ, ಆಹಾರ ಕೊಟ್ಟು ಪಡೆಯುವ ಯಾವ ಸಂಬಂಧವೂ, 18 ವರ್ಷದೊಳಗಿನವರೊಂದಿಗಿನ ಯಾವ ಸಂಬಂಧವೂ ಅಪರಾಧ. ವಯಸ್ಸು ಗೊತ್ತಿರಲಿಲ್ಲ ಎಂಬುದು ನೆಪವಾಗದು.

ವರದಿ

ನಮ್ಮ ಠಾಣೆಯ ಭಾಷೆ ಇಲ್ಲಿ ಕೈಕೊಡುತ್ತದೆ. 'ಬಾತ್ಮೀದಾರರಿಂದ ಬಂದ ಖಚಿತ ಮಾಹಿತಿ ಮೇರೆಗೆ' ಎಂಬ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿ ಹಾಕಿದರೆ ಮೇಲಿನವರು ಮೊದಲು ಕೇಳುವುದೇ ಯಾರು, ಯಾವಾಗ, ನೀವು ನೋಡಿದಿರಾ ಎಂದು. ಹೀಗೆ ಬರೆಯಿರಿ: 24 ಗಂಟೆಯ ಲೆಕ್ಕದಲ್ಲಿ ಸಮಯ, ಜಿಪಿಎಸ್ ಅಂಕಿ, ಕಣ್ಣಾರೆ ಕಂಡದ್ದು, ಇನ್ನೊಬ್ಬರು ಹೇಳಿದ್ದು, ಕೊನೆಗೆ ಬೇರೆ ಪ್ಯಾರಾದಲ್ಲಿ ನಿಮ್ಮ ಅಭಿಪ್ರಾಯ. ಅತ್ಯಾಚಾರಕ್ಕೊಳಗಾದವರ ಹೆಸರನ್ನು ಗಸ್ತು ವರದಿಯಲ್ಲಿ ಹಾಕಬೇಡಿ. ವರದಿ ಇಪ್ಪತ್ತು ಕಂಪ್ಯೂಟರಿಗೆ ಹೋಗುತ್ತದೆ. ಅವರ ಒಪ್ಪಿಗೆ ಪಡೆದು ಆ ವಿಷಯದ ತಂಡಕ್ಕೆ ನೇರವಾಗಿ ತಿಳಿಸಿ.

ಸಂಜೆ, ರಾತ್ರಿ

ವಾಸ ಕಂಟೇನರ್ ಕೋಣೆಯಲ್ಲಿ, ಕರೆಂಟು ಜನರೇಟರಿನದು. ಬಾಡಿಗೆ, ಊಟ ಎರಡೂ ನಿಮಗೆ ಬರುವ ಭತ್ಯೆಯಿಂದಲೇ ಆಗಬೇಕು. ಕಾಯಿಲ್ ಒಲೆ, ಕುಕ್ಕರ್, ಕೆಟಲ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಬೇಡಿ. ಬೆಂಕಿ ಹತ್ತಿದರೆ ಕಂಟೇನರಿಗೆ ಇರುವುದು ಒಂದೇ ಬಾಗಿಲು. ಊಟಕ್ಕೆ ಪರದಾಡಬೇಕಿಲ್ಲ: ಅಲ್ಲಿಯೂ ಜೋಳವೇ ಮುಖ್ಯ. ಅಸೀದಾ ಎಂದರೆ ಹೆಚ್ಚುಕಮ್ಮಿ ನಮ್ಮ ಜೋಳದ ಮುದ್ದೆ, ಕಿಸ್ರಾ ಎಂದರೆ ಹುಳಿ ಬರಿಸಿದ ಹಿಟ್ಟಿನ ತೆಳ್ಳನೆ ದೋಸೆ, ಜೊತೆಗೆ ಬೆಂಡೆಕಾಯಿ ಸಾರು. ಬೇಳೆ, ಸಾಂಬಾರ ಪುಡಿ ಇದ್ದರೆ ಉತ್ತರ ಕರ್ನಾಟಕದವರು ಒಂದು ವರ್ಷ ಆರಾಮಾಗಿ ಕಳೆಯಬಹುದು.

ಗಡಿಯಾರ ಅಲ್ಲಿ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದೆ. ನಿಮ್ಮ ಸಂಜೆ 6 ಎಂದರೆ ಮನೆಯಲ್ಲಿ ರಾತ್ರಿ ಒಂಬತ್ತೂವರೆ. ಮಕ್ಕಳ ಜೊತೆ ಮಾತಾಡುವುದಿದ್ದರೆ ಅಡುಗೆಗೆ ಮೊದಲೇ ಫೋನ್ ಮಾಡಿ. ಮಲಗುವಾಗ ವಾಕಿಟಾಕಿ ಚಾರ್ಜಿಗೆ, ಶಬ್ದ ಏರಿಸಿ, ತಲೆಯ ಹತ್ತಿರ. ಬಾಗಿಲ ಪಕ್ಕ ಒಂದು ಚಿಕ್ಕ ಬ್ಯಾಗ್: ಪಾಸ್‌ಪೋರ್ಟ್, ಐಡಿ ಕಾರ್ಡ್, ಎರಡು ಬಾಟಲಿ ನೀರು, ಮೂರು ದಿನದ ಮಾತ್ರೆ, ಟಾರ್ಚ್, ಸ್ವಲ್ಪ ಡಾಲರು. ಗುಂಡಿನ ಸದ್ದು ಕೇಳಿದರೆ ಹೊರಗೆ ಬಂದು ನೋಡಬೇಡಿ. ಮೊದಲು ನೆಲಕ್ಕೆ, ಸದ್ದು ನಿಂತಾಗ ಬಂಕರಿಗೆ, ಅಲ್ಲಿಂದ ರೇಡಿಯೋದಲ್ಲಿ ಹಾಜರಿ. ನಿಮ್ಮ ಕೋಣೆಯಿಂದ ಬಂಕರಿಗೆ ಎಷ್ಟು ಹೆಜ್ಜೆ ಎಂದು ಬಂದ ಮೊದಲ ರಾತ್ರಿಯೇ ಕತ್ತಲಲ್ಲಿ ನಡೆದು ಎಣಿಸಿಡಿ.

ಅವಧಿ ಮುಗಿಸಿ ವಾಪಸ್ ಬರುವಾಗ ಹಳದಿ ಜ್ವರದ ಕಾರ್ಡ್ ಕೈಚೀಲದಲ್ಲಿರಲಿ, ಲಗೇಜಿನಲ್ಲಿ ಅಲ್ಲ. ಅದಿಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿ 6 ದಿನದವರೆಗೆ ಕ್ವಾರಂಟೈನ್ ಆಗಬಹುದು. ಊರಿಗೆ ಬಂದ ಮೇಲೂ ಡಾಕ್ಸಿಸೈಕ್ಲಿನ್ ನಾಲ್ಕು ವಾರ ಮುಂದುವರಿಯಬೇಕು. ಆ ಸಮಯದಲ್ಲಿ ಅಥವಾ ಆಮೇಲಿನ ಕೆಲವು ತಿಂಗಳಲ್ಲಿ ಜ್ವರ ಬಂದರೆ, ಡಾಕ್ಟರಿಗೆ ದಕ್ಷಿಣ ಸುಡಾನಿನಿಂದ ಬಂದಿದ್ದೇನೆ ಎಂದು ಮೊದಲೇ ಹೇಳಿ.