ಟೊಮೆಟೊ ಬೇರಿನ ಗಂಟಿಗೆ ಚೆಂಡುಹೂವಿನ ಸರದಿ

ನೀರು ಹಾಕಿದರೂ ಮಧ್ಯಾಹ್ನವಾಗುತ್ತಲೇ ಟೊಮೆಟೊ ಗಿಡ ಜೋಲುತ್ತಿತ್ತು. ಕಿತ್ತರೆ ಬೇರಿನ ತುಂಬ ಗಂಟು: ಬೇರುಗಂಟು ಜಂತುಹುಳು, ಅಂದರೆ ಬೇರಿನೊಳಗೆ ಹೊಕ್ಕು ಗಂಟು ಕಟ್ಟಿಸುವ ಮಣ್ಣಿನ ಸೂಕ್ಷ್ಮ ಹುಳು. (ಅಲಸಂದೆ ಬೇರಿನಲ್ಲಿರುವ, ಸಾರಜನಕ ಹಿಡಿಯುವ ಒಳ್ಳೆಯ ಗಂಟು ಉಗುರು ತಾಗಿದರೆ ಉದುರುತ್ತದೆ, ಇದು ಬೇರು ತಾನೇ ಊದಿಕೊಂಡದ್ದು, ಉದುರುವುದಿಲ್ಲ.) ಟೊಮೆಟೊ ಆದ ಮೇಲೆ ಅದೇ ಮಡಿಗೆ ಬದನೆ, ಮೆಣಸಿನಕಾಯಿ ಹಾಕಿದರೆ ಬೆಳೆ ಬದಲಿಸಿದಂತಲ್ಲ, ಮೂರೂ ಒಂದೇ ಕುಟುಂಬ. ಬೆಂಡೆ, ಸೌತೆ ಹಾಕಿದರೂ ಹುಳುವಿಗೆ ಹಬ್ಬವೇ.

ಗಂಟಿನ ಬೇರನ್ನೆಲ್ಲ ಆಯ್ದು ಸುಟ್ಟು, ಇಡೀ ಮಡಿಗೆ ಚೆಂಡುಹೂವಿನ ಸಸಿಗಳನ್ನು ಗೇಣು ಅಂತರದಲ್ಲಿ ನೆಟ್ಟೆ. ಅಂಚಿನಲ್ಲಿ ನಾಲ್ಕು ಗಿಡವಿದ್ದರೆ ನೋಡಲು ಚೆಂದ, ಅಷ್ಟೇ. ಚೆಂಡುಹೂವಿನ ಬೇರು ಹುಳುವನ್ನು ತಗ್ಗಿಸುವುದು ತನ್ನ ಆಸುಪಾಸಿನಲ್ಲಿ ಮಾತ್ರ. ಎರಡೂವರೆ ತಿಂಗಳಿಗೆ ಕತ್ತರಿಸಿ ಮಣ್ಣಿಗೆ ಸೇರಿಸಿ, ಚದರ ಮೀಟರಿಗೆ 250 ಗ್ರಾಂ ಬೇವಿನ ಹಿಂಡಿ ಬೆರೆಸಿದೆ. ನಂತರದ ಸರದಿ ಬೆಳ್ಳುಳ್ಳಿಯದು. ಅದಾದ ಮೇಲಿನ ಟೊಮೆಟೊ ಬೇರಲ್ಲಿ ಅಲ್ಲೊಂದು ಇಲ್ಲೊಂದು ಗಂಟಿತ್ತು, ಗಿಡ ಜೋಲಲಿಲ್ಲ.