ಗೇಟ್ ಎತ್ತಿದ ಆ ಮಧ್ಯಾಹ್ನ

ಮಧ್ಯಾಹ್ನ ಹನ್ನೆರಡು ಗಂಟೆ. ಜಲಾಶಯ ತುಂಬಲು ಇನ್ನೂ ಐದೂವರೆ ಅಡಿ ಬಾಕಿ. ಒಳಹರಿವು 80 ಸಾವಿರ ಕ್ಯುಸೆಕ್, ಅಂದರೆ ಸೆಕೆಂಡಿಗೆ 80 ಸಾವಿರ ಘನ ಅಡಿ ನೀರು. ಕರೆಂಟ್ ತೆಗೆಯಲು ಬಿಡುತ್ತಿದ್ದ 10 ಸಾವಿರ ಕ್ಯುಸೆಕ್ ಮಾತ್ರ ನದಿಗೆ ಹೋಗುತ್ತಿತ್ತು. ಅಣೆಕಟ್ಟಿನ ಕೆಳಗೆ ಬಂಡೆಗಳೆಲ್ಲ ಕಾಣುತ್ತಿದ್ದವು. ಅಂಥ ಹೊತ್ತಿನಲ್ಲಿ ಕ್ರಸ್ಟ್ ಗೇಟ್, ಅಂದರೆ ಕೋಡಿಯ ಮೇಲಿನ ಬಾಗಿಲು, ಎತ್ತೋಣ ಅಂತ ನಾನು ಹೇಳಿದಾಗ ಕಂಟ್ರೋಲ್ ರೂಮಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು.

"ಸರ್, ಇನ್ನೂ ಐದೂವರೆ ಅಡಿ ಇದೆಯಲ್ಲ?"

ಕೇಳಿದ್ದು ತಪ್ಪಲ್ಲ. ಕೆಲವು ವರ್ಷಗಳ ಹಿಂದೆ ನಾನೇ ಅವಸರಪಟ್ಟು ಗೇಟ್ ತೆಗೆಸಿದ್ದೆ. ಮರುದಿನ ಮಳೆ ನಿಂತೇ ಹೋಯಿತು. ಆ ವರ್ಷ ಜಲಾಶಯ ತುಂಬಲಿಲ್ಲ. ಬೇಸಿಗೆಯಲ್ಲಿ ಕಾಲುವೆಯ ಕೊನೆ ಭಾಗದ ಹೊಲಗಳಿಗೆ ಕಡೆಯ ಸರದಿಯ ನೀರು ಕೊಡಲು ಆಗಲಿಲ್ಲ. ಒಣಗಿದ ಪೈರು ಹಿಡಿದುಕೊಂಡು ರೈತರು ಆಫೀಸಿನ ಮುಂದೆ ನಿಂತಿದ್ದರು. ಅವರಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಬಿಟ್ಟ ನೀರು ವಾಪಸ್ ಬರುವುದಿಲ್ಲ. ಹಾಗಾಗಿ ಈ ಸಲ ಐದೂವರೆ ಅಡಿ ಖಾಲಿ ಇಟ್ಟುಕೊಂಡು ಗೇಟ್ ಎತ್ತುವ ಮಾತಾಡುವುದು ನನಗೂ ಸುಲಭ ಇರಲಿಲ್ಲ.

ಆದರೆ ಅಷ್ಟು ಹೊತ್ತಿಗೆ ನಾನು ಅಡಿಯ ಲೆಕ್ಕ ಬಿಟ್ಟು ಗಂಟೆಯ ಲೆಕ್ಕ ಹಾಕುತ್ತಿದ್ದೆ.

ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಒಂದು ಲಕ್ಷ ಕ್ಯುಸೆಕ್ ಒಂದಿಡೀ ದಿನ ಹರಿದರೆ 8.64 ಟಿಎಂಸಿ ಆಗುತ್ತದೆ. ನಮ್ಮ ಹಿನ್ನೀರು ತುಂಬುವ ಹೊತ್ತಿಗೆ ಹೆಚ್ಚುಕಡಿಮೆ 100 ಚದರ ಕಿಲೋಮೀಟರ್ ಹರಡಿರುತ್ತದೆ. ಅಷ್ಟು ಅಗಲದಲ್ಲಿ ಒಂದು ಅಡಿ ಏರಲು ಒಂದು ಟಿಎಂಸಿಗಿಂತ ಚೂರು ಜಾಸ್ತಿ ನೀರು ಬೇಕು. ಅಂದರೆ ಐದೂವರೆ ಅಡಿಯಲ್ಲಿ ಸುಮಾರು 5.9 ಟಿಎಂಸಿ ಹಿಡಿಯುತ್ತದೆ. 80 ಸಾವಿರ ಬಂದು 10 ಸಾವಿರ ಹೋಗುತ್ತಿದ್ದರೆ ನಮಗೆ ಒಂದು ದಿನ ಸಮಯ ಇದೆ. ಒಳಹರಿವು ಒಂದೂವರೆ ಲಕ್ಷಕ್ಕೆ ಏರಿತು ಅಂದುಕೊಳ್ಳಿ. ಅದೇ ಐದೂವರೆ ಅಡಿ 12 ಗಂಟೆಯಲ್ಲಿ ಮುಗಿಯುತ್ತದೆ. ಗೋಡೆಯ ಮೇಲಿನ ಅಳತೆಪಟ್ಟಿ ನೋಡಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಇನ್ನೊಂದು ಕಷ್ಟ ಇದೆ. ಒಳಹರಿವನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ನದಿಗಳು, ಹಳ್ಳಗಳು, ಹಿನ್ನೀರಿನ ಮೇಲೇ ಬೀಳುವ ಮಳೆ, ಎಲ್ಲ ಸೇರಿ ಬರುವ ನೀರಿಗೆ ಮೀಟರ್ ಎಲ್ಲಿ ಇಡುವುದು? ನೀರಿನ ಮಟ್ಟ ಎಷ್ಟು ಏರಿತು ಅಂತ ನೋಡುತ್ತೇವೆ, ಬಿಟ್ಟ ನೀರನ್ನು ಅದಕ್ಕೆ ಕೂಡಿಸುತ್ತೇವೆ. ಬಂದ ಉತ್ತರವೇ ಒಳಹರಿವು. ಈಗ ಗಾಳಿ ಬೀಸಿ ಅಳತೆಪಟ್ಟಿಯ ಹತ್ತಿರ ನೀರು ಬರೀ ಒಂದು ಸೆಂಟಿಮೀಟರ್ ಎತ್ತರ ಕಂಡಿತು ಅನ್ನಿ. 100 ಚದರ ಕಿಲೋಮೀಟರಿಗೆ ಒಂದು ಸೆಂಟಿಮೀಟರ್ ಅಂದರೆ ಹತ್ತು ಲಕ್ಷ ಘನ ಮೀಟರ್. ಒಂದು ಗಂಟೆಯ ಲೆಕ್ಕದಲ್ಲಿ ಸುಮಾರು 9,800 ಕ್ಯುಸೆಕ್ ಸುಮ್ನೆ ಹುಟ್ಟಿಕೊಳ್ಳುತ್ತದೆ! ಆ ದಿನ ಬೆಳಿಗ್ಗೆ ನಮ್ಮ ರಿಜಿಸ್ಟರಿನಲ್ಲಿ 62 ಸಾವಿರ, 79 ಸಾವಿರ, 68 ಸಾವಿರ ಅಂತ ಕುಣಿಯುತ್ತಿತ್ತು. ಗಾಳಿಯೂ ಜೋರಾಗಿತ್ತು. ಒಂಟಿ ಅಂಕಿ ನೋಡಿ ಹೆದರುವುದೂ ತಪ್ಪು, ಸಮಾಧಾನ ಪಡುವುದೂ ತಪ್ಪು. ಹಾಗಾಗಿ ಮೂರು ಗಂಟೆಯ ಸರಾಸರಿ ತೆಗೆದು ಗೆರೆ ಎಳೆದೆ. ಗೆರೆ ಮೇಲಕ್ಕೇ ಹೋಗುತ್ತಿತ್ತು.

ಹನ್ನೊಂದೂವರೆಗೆ ಮೇಲಿನ ಮಾಪನ ಕೇಂದ್ರದಿಂದ ಫೋನ್ ಬಂತು. ಅಲ್ಲಿಂದ ನಮ್ಮ ತನಕ ನೀರು ಬರಲು ಎಂಟು ಗಂಟೆ ಹಿಡಿಯುತ್ತದೆ. ಅಲ್ಲಿ ನದಿ ಎರಡು ಗಂಟೆಯಲ್ಲಿ ಒಂದು ಮೀಟರ್ ಏರಿದೆ, ಮಳೆ ನಿಂತಿಲ್ಲ ಅಂದರು. ನನಗೆ ನಿರ್ಧಾರ ಆಗಿದ್ದು ಆಗಲೇ. ಅದು ಮುನ್ಸೂಚನೆಯ ಮಳೆಯಲ್ಲ, ಆಗಲೇ ನದಿಗೆ ಇಳಿದ ನೀರು. ಆಕಾಶದಲ್ಲಿರುವ ಮಳೆಯನ್ನು ನಂಬಿ ಗೇಟ್ ತೆಗೆಯುವುದು ಬೇರೆ, ನದಿಯಲ್ಲಿ ಹೊರಟಿರುವ ನೀರಿಗಾಗಿ ತೆಗೆಯುವುದು ಬೇರೆ. ಹಿಂದಿನ ಸಲ ನಾನು ಎಡವಿದ್ದು ಅಲ್ಲೇ.

ಮೇಲಧಿಕಾರಿಗಳಿಗೆ ಫೋನ್ ಮಾಡಿದೆ. ಮೊದಲ ಪ್ರಶ್ನೆ ಅದೇ: "ತುಂಬೋಕೆ ಬಿಡಬಹುದಲ್ವಾ?" ನಾನು ಅಡಿ ಹೇಳಲಿಲ್ಲ. "ಸರ್, ನಡುರಾತ್ರಿಗೋ ಬೆಳಗಿನ ಜಾವಕ್ಕೋ ತುಂಬುತ್ತದೆ. ತುಂಬಿದ ಮೇಲೆ ಬಂದಷ್ಟೂ ಬಿಡಬೇಕು. ಕತ್ತಲಲ್ಲಿ ಒಂದೂವರೆ ಲಕ್ಷ ಬಿಡುವುದೋ, ಹಗಲಲ್ಲೇ 30 ಸಾವಿರದಿಂದ ಶುರುಮಾಡುವುದೋ?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ "ಶುರುಮಾಡಿ, ನಾನು ಜಿಲ್ಲಾಡಳಿತಕ್ಕೆ ಹೇಳ್ತೀನಿ" ಅಂದರು.

ತುಂಬಿದ ಮೇಲೂ ಹಿಡಿದಿಟ್ಟುಕೊಳ್ಳಬಹುದು ಅನ್ನುವವರಿಗೆ ನಾನು 1979ರ ಆಗಸ್ಟ್ 11 ನೆನಪಿಸುತ್ತೇನೆ. ಅಂದು ಗುಜರಾತಿನ ಮಚ್ಛು–2 ಅಣೆಕಟ್ಟಿನ ಮಣ್ಣಿನ ಏರಿಯ ಮೇಲೆ ನೀರು ಹತ್ತಿ ಹರಿದು, ಏರಿ ಒಡೆದು, ಮೋರ್ಬಿ ಊರೇ ಕೊಚ್ಚಿಹೋಯಿತು. ನಮ್ಮ ಅಣೆಕಟ್ಟಿನ ಎರಡೂ ಬದಿ ಇರುವುದು ಮಣ್ಣಿನ ಏರಿಯೇ. ಕಾಂಕ್ರೀಟ್ ಒಂದಷ್ಟು ಹೊತ್ತು ತಡೆದೀತು. ಮಣ್ಣಿನ ಮೇಲೆ ನೀರು ಹತ್ತಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಒಪ್ಪಿಗೆ ಸಿಕ್ಕ ತಕ್ಷಣ ಗೇಟ್ ಎತ್ತಲಿಲ್ಲ. ಮೂರು ಗಂಟೆ ಕಾದೆವು. ಸೈರನ್ ಹಾಕಿದೆವು, ಜೀಪಿನಲ್ಲಿ ಮೈಕ್ ಕಟ್ಟಿ ಕಳಿಸಿದೆವು. ಒಣಗಿದಂತೆ ಕಾಣುವ ನದಿಯಲ್ಲಿ ಯಾವಾಗಲೂ ಯಾರಾದರೂ ಇರುತ್ತಾರೆ. ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ದನ ತೊಳೆಯುವ ಮಕ್ಕಳು. ದೊಡ್ಡ ಪ್ರವಾಹದಲ್ಲಿ ಯಾರೂ ನದಿಗೆ ಇಳಿಯುವುದಿಲ್ಲ. ಅಪಾಯ ಇರುವುದು ಮೊದಲ ನೀರಿನಲ್ಲಿ. ಅದಕ್ಕೇ ಮೊದಲ ಹೆಜ್ಜೆ ತೀರಾ ಚಿಕ್ಕದಾಗಿರಬೇಕು.

2011ರ ಮೇ 14ರಂದು ಅಮೆರಿಕದ ಮಿಸಿಸಿಪ್ಪಿ ನದಿಯ ಹೆಚ್ಚಿನ ನೀರನ್ನು ಪಕ್ಕದ ತಗ್ಗಿಗೆ ಬಿಡುವ ಮೊರ್ಗಾಂಜಾ ಕೋಡಿಯನ್ನು ತೆಗೆದದ್ದೂ ಹೀಗೇ. 1973ರ ನಂತರ ಅದೇ ಮೊದಲ ಸಲ. 125 ಗೇಟುಗಳಿದ್ದರೂ ಮೊದಲ ದಿನ ತೀರಾ ನಿಧಾನವಾಗಿ ತೆಗೆದರು. ನೀರು ಹರಿಯಬೇಕಾದ ತಗ್ಗಿನಲ್ಲಿದ್ದ ಜನ, ಕಾಡುಪ್ರಾಣಿ ಎಲ್ಲ ದೂರ ಹೋಗಲು ಸಮಯ ಸಿಗಲಿ ಅಂತ. ಅಲ್ಲಿ ನನಗೆ ಇನ್ನೊಂದು ವಿಷಯ ಬಹಳ ಹಿಡಿಸಿತು. ನದಿಯಲ್ಲಿ 15 ಲಕ್ಷ ಕ್ಯುಸೆಕ್ ದಾಟಿ ಇನ್ನೂ ಏರುತ್ತಿದ್ದರೆ ತೆಗೆಯಬೇಕು ಅಂತ ನಿಯಮವನ್ನು ಮೊದಲೇ ಬರೆದಿಟ್ಟಿದ್ದರು. ಕಡೆಯ ಮಾತು ಮನುಷ್ಯನದೇ ಆದರೂ, ನಿದ್ದೆಗೆಟ್ಟ ಮನುಷ್ಯ ಒಬ್ಬನೇ ಕೂತು ಸಂಖ್ಯೆ ಹುಡುಕುವ ಪಾಡು ಇಲ್ಲ. ನಮ್ಮಲ್ಲೂ ಈಗ ಗಂಟೆಯ ಲೆಕ್ಕದ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೇನೆ.

ಮೂರು ಗಂಟೆಗೆ ಮಧ್ಯದ ಎರಡು ಗೇಟುಗಳನ್ನು ಅರ್ಧರ್ಧ ಅಡಿ ಎತ್ತಿದೆವು. ಶುರುಮಾಡುವುದು ಮಧ್ಯದಿಂದಲೇ. ಆಮೇಲೆ ಎರಡೂ ಪಕ್ಕ ಸಮನಾಗಿ. ಒಂದೇ ಬದಿಯಿಂದ ಬಿಟ್ಟರೆ ನೀರು ಕೆಳಗೆ ಸುಳಿ ತಿರುಗಿ ದಡ ಕೊರೆಯುತ್ತದೆ. ಸ್ವಲ್ಪವೇ ಎತ್ತಿದ ಗೇಟ್ ಕೆಲವೊಮ್ಮೆ ನಡುಗುತ್ತದೆ. ಕೈಯಿಟ್ಟರೆ ಗೊತ್ತಾಗುತ್ತದೆ. ನಡುಗಿದರೆ ಆ ಮಟ್ಟದಲ್ಲಿ ನಿಲ್ಲಿಸಬಾರದು, ಮೇಲೋ ಕೆಳಗೋ ಮಾಡಬೇಕು. ಮೂರನೇ ಗೇಟ್ ನಡುಗಿತು. ಇನ್ನಷ್ಟು ಎತ್ತಿದ ಮೇಲೆ ಸರಿಹೋಯಿತು. ಹಂತ ಹಂತವಾಗಿ 30 ಸಾವಿರಕ್ಕೆ ತಂದು, ಸಂಜೆ ಆರಕ್ಕೆ 60 ಸಾವಿರ ಮಾಡಿದೆವು. ಅಷ್ಟರವರೆಗೆ ನದಿ ದಡದೊಳಗೇ ಹರಿಯುತ್ತದೆ.

ನಡುರಾತ್ರಿ ಒಳಹರಿವು 1.4 ಲಕ್ಷ ತಲುಪಿತು. ಆಗ ಎರಡನೇ ನಿರ್ಧಾರ ಮಾಡಬೇಕಾಯಿತು. ನನಗೆ ನಿಜವಾಗಿ ಕಷ್ಟವಾದದ್ದು ಅದು. 90 ಸಾವಿರ ದಾಟಿದರೆ ತಗ್ಗಿನ ರಸ್ತೆ ಮುಳುಗುತ್ತದೆ, ದಡದ ಹೊಲಗಳಿಗೆ ನೀರು ನುಗ್ಗುತ್ತದೆ. 1.2 ಲಕ್ಷಕ್ಕೆ ಮನೆಗಳಿಗೆ. 85 ಸಾವಿರಕ್ಕೆ ಏರಿಸಿ ನಿಲ್ಲಿಸಿದೆ. ಉಳಿದಿದ್ದು ಮೂರು ಅಡಿಗಿಂತ ಕಡಿಮೆ. ಇನ್ನೂ ಜಾಸ್ತಿ ಬಿಡೋಣ ಅಂತ ಜೊತೆಯವರು ಒತ್ತಾಯ ಮಾಡಿದರು. ಮೇಲಿನ ಕೇಂದ್ರದಲ್ಲಿ ನದಿ ರಾತ್ರಿ ಹತ್ತರಿಂದ ಏರಿರಲಿಲ್ಲ. ಎಂಟು ಗಂಟೆ ಕೂಡಿಸಿದರೆ ಬೆಳಿಗ್ಗೆ ಆರರ ಹೊತ್ತಿಗೆ ನಮ್ಮಲ್ಲೂ ಇಳಿಯಲೇಬೇಕು. ಮೂರು ಅಡಿಯಲ್ಲಿ ಅಷ್ಟು ಹೊತ್ತು ತಳ್ಳಬಹುದು ಅಂತ ಲೆಕ್ಕ ಹೇಳುತ್ತಿತ್ತು. ಮೂರು ಸಲ ಕೂಡಿಸಿ ನೋಡಿದೆ.

ಆ ರಾತ್ರಿ ನಾನು ಟಾರ್ಚ್ ಹಿಡಿದು ಪದೇ ಪದೇ ಕೋಡಿಯ ಇಳಿಜಾರು ನೋಡಲು ಹೋಗುತ್ತಿದ್ದೆ. 2017ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಒರೊವಿಲ್‌ನಲ್ಲಿ ಕೋಡಿಯ ಕಾಂಕ್ರೀಟೇ ಕಿತ್ತು ದೊಡ್ಡ ಗುಂಡಿ ಬಿತ್ತು. ಗುಂಡಿ ದೊಡ್ಡದಾಗದಿರಲಿ ಅಂತ ನೀರು ಕಡಿಮೆ ಬಿಟ್ಟರು. ಜಲಾಶಯ ಏರಿ, ಎಂದೂ ಬಳಸದ ತುರ್ತು ಕೋಡಿಯ ಮೇಲೆ ಹರಿಯಿತು. ಅದರ ಕೆಳಗಿನ ಗುಡ್ಡ ಕೊರೆಯಲು ಶುರುವಾದಾಗ ಸುಮಾರು 1.88 ಲಕ್ಷ ಜನರನ್ನು ಊರು ಬಿಡಿಸಬೇಕಾಯಿತು. ಕಡೆಗೆ ಒಡೆದ ಕೋಡಿಯಲ್ಲೇ ಒಂದು ಲಕ್ಷ ಕ್ಯುಸೆಕ್ ಬಿಟ್ಟು ಮಟ್ಟ ಇಳಿಸಿದರು. ಆ ಕಥೆ ಗೊತ್ತಿರುವ ಯಾರಿಗೂ ಗೇಟ್ ಎತ್ತಿ ಮಲಗಲು ಆಗುವುದಿಲ್ಲ. ನೊರೆಯ ಬಣ್ಣ ಕೆಂಪಾಗಿದೆಯಾ, ಎಲ್ಲಾದರೂ ನೀರು ಚಿಮ್ಮುತ್ತಿದೆಯಾ ಅಂತ ನೋಡುತ್ತಲೇ ಇದ್ದೆ.

ಬೆಳಗಿನ ಜಾವ ಮೂರೂವರೆಗೆ ಒಳಹರಿವು 1.6 ಲಕ್ಷ. ಅದೇ ತುದಿ. ಆರರಿಂದ ಇಳಿಯತೊಡಗಿತು. ಮಳೆ ಮತ್ತೆ ಬಂದರೆ ಜಾಗ ಇರಲಿ ಅಂತ ಬೆಳಕಾದ ಮೇಲೆ 95 ಸಾವಿರ ಬಿಟ್ಟೆವು. ರಸ್ತೆ ಮುಳುಗಿತು, ಮನೆಗಳು ಉಳಿದವು. ಸಂಜೆ ಹೊತ್ತಿಗೆ ಪೂರ್ಣ ಮಟ್ಟಕ್ಕೆ ಏಳು ಇಂಚು ಬಾಕಿ ಇರುವಾಗ ನೀರು ನಿಂತಿತು.

ಆಮೇಲೆ ಒಂದು ದಿನ ಕೂತು, ನಾವು ಕಾದಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕಿದೆ. ಜಲಾಶಯ ತುಂಬುತ್ತಿದ್ದದ್ದು ಬೆಳಗಿನ ಜಾವ ಮೂರೂವರೆಗೆ. ಸರಿಯಾಗಿ 1.6 ಲಕ್ಷ ಬರುತ್ತಿದ್ದ ಹೊತ್ತು. ಅಷ್ಟನ್ನೂ ಕತ್ತಲಲ್ಲಿ, ಮಲಗಿದ್ದ ಊರುಗಳ ಮೇಲೆ ಬಿಡಬೇಕಿತ್ತು. ಆ ಹಾಳೆಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಎರಡು ದಿನ ಬಿಟ್ಟು ಕೆಳಗಿನ ಊರಿಗೆ ಹೋದೆ. ನದಿದಡದ ರೈತರೊಬ್ಬರು ಹೂಳು ತುಂಬಿದ ಪಂಪ್‌ಸೆಟ್ ತೊಳೆಯುತ್ತಿದ್ದರು. ಬೈಯುತ್ತಾರೆ ಅಂದುಕೊಂಡಿದ್ದೆ. "ಬಿಟ್ಟಿದ್ದಕ್ಕೆ ಬೇಜಾರಿಲ್ಲ ಸರ್, ಮೂರು ಗಂಟೆಯಲ್ಲಿ ಪಂಪ್ ಬಿಚ್ಚಿ ಮೇಲೆ ತರೋಕೆ ನಾಲ್ಕು ಜನ ಸಿಗಲಿಲ್ಲ. ಬೆಳಿಗ್ಗೆಯೇ ಒಂದು ಮಾತು ಹೇಳಿದ್ದರೆ ಆಗ್ತಿತ್ತು" ಅಂದರು. ಬೆಳಿಗ್ಗೆ ಒಂಬತ್ತಕ್ಕೇ ನನಗೆ ಅನುಮಾನ ಬಂದಿತ್ತು. ಗೆರೆ ಇನ್ನೂ ಪಕ್ಕಾ ಆಗಲಿ ಅಂತ ಸುಮ್ಮನಿದ್ದೆ. ಗೇಟ್ ಎತ್ತಲು ಲೆಕ್ಕ ಪಕ್ಕಾ ಆಗಬೇಕು, ನಿಜ. ಎಚ್ಚರಿಸಲು ಅನುಮಾನವೇ ಸಾಕಿತ್ತು. ಈಗ ಗಂಟೆಯ ಲೆಕ್ಕ 36ಕ್ಕಿಂತ ಕೆಳಗೆ ಬಂದರೆ ಕೆಳಗಿನ ಊರುಗಳಿಗೆ ಮೊದಲ ಫೋನ್ ಹೋಗುತ್ತದೆ. ಗೇಟ್ ಎತ್ತುತ್ತೇವೋ ಇಲ್ಲವೋ, ಅದು ಆಮೇಲಿನ ಮಾತು.